ಏರ್ ಫಿಲ್ಟರ್: ಡಬ್ಬಿ ಹೇಳುವುದು, ಹೇಳದೆ ಬಿಡುವುದು

ಕಾರಿನ ಏರ್ ಫಿಲ್ಟರ್ ಬದಲಿಸಬೇಕೆಂದು ಬಿಡಿಭಾಗಗಳ ಅಂಗಡಿಗೆ ಹೋದರೆ ನಿಮ್ಮ ಮುಂದೆ ಎರಡು ಬಗೆಯ ಡಬ್ಬಿಗಳು ಬರಬಹುದು. ಒಂದು, ಕಾರು ತಯಾರಕರು ಸೂಚಿಸಿದ ಮಡಿಕೆ ಕಾಗದದ ಫಿಲ್ಟರ್. ಇನ್ನೊಂದು, ಅದಕ್ಕಿಂತ ಹಲವು ಪಟ್ಟು ಬೆಲೆಯ, ಎಣ್ಣೆ ಸವರಿದ ಹತ್ತಿಬಟ್ಟೆಯ, ತೊಳೆದು ಮತ್ತೆ ಬಳಸುವ ಫಿಲ್ಟರ್. ಎರಡನೆಯದರ ಪ್ರಚಾರ ಸಾಮಾನ್ಯವಾಗಿ ಮೂರು ಮಾತುಗಳ ಮೇಲೆ ನಿಂತಿರುತ್ತದೆ: ಹೆಚ್ಚು ಗಾಳಿ, ಹೆಚ್ಚು ಶಕ್ತಿ, ಹೆಚ್ಚು ಮೈಲೇಜ್. ಈ ಮಾತುಗಳನ್ನು ಪ್ರೌಢಶಾಲೆಯ ಭೌತವಿಜ್ಞಾನದಿಂದಲೇ ಪರೀಕ್ಷಿಸಬಹುದು.

ಒಂದು ಕಿಲೋಗ್ರಾಂ ಪೆಟ್ರೋಲ್ ಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ಅಂದರೆ ಒಂದು ಲೀಟರ್ ಪೆಟ್ರೋಲಿಗೆ ಸರಿಸುಮಾರು 11 ಕಿಲೋಗ್ರಾಂ, ಗಾತ್ರದಲ್ಲಿ ಸುಮಾರು 9,000 ಲೀಟರ್ ಗಾಳಿ! ಇಷ್ಟೂ ಗಾಳಿ ಫಿಲ್ಟರ್ ಮೂಲಕವೇ ಹಾಯಬೇಕು. ಆದ್ದರಿಂದ ಅದರ ತಡೆ ಕಡಿಮೆಯಾದರೆ ಎಂಜಿನ್ನಿಗೆ ಅನುಕೂಲ ಎಂಬ ಮಾತು ತತ್ತ್ವತಃ ಸರಿ. ಪ್ರಶ್ನೆ ಇರುವುದು, ಎಷ್ಟು ಅನುಕೂಲ ಎಂಬಲ್ಲಿ.

ಪೂರ್ಣ ವೇಗದಲ್ಲಿ ಹೊಸ ಕಾಗದದ ಫಿಲ್ಟರ್ ಗಾಳಿಯ ಒತ್ತಡವನ್ನು 1 ಕಿಲೋಪ್ಯಾಸ್ಕಲ್‌ನಷ್ಟು ಇಳಿಸುತ್ತದೆ ಎಂದು ಲೆಕ್ಕಕ್ಕಾಗಿ ಭಾವಿಸಿ. ಸಮುದ್ರಮಟ್ಟದಲ್ಲಿ ವಾಯುಒತ್ತಡ 101 ಕಿಲೋಪ್ಯಾಸ್ಕಲ್. ದುಬಾರಿ ಫಿಲ್ಟರ್ ತಡೆಯನ್ನು ಅರ್ಧಕ್ಕೆ ಇಳಿಸಿದರೂ ಉಳಿತಾಯ ಶೇ. 0.5 ಮಾತ್ರ. 80 ಅಶ್ವಶಕ್ತಿಯ ಎಂಜಿನ್ನಿನಲ್ಲಿ ಇದು 0.4 ಅಶ್ವಶಕ್ತಿ. ಕಾರು ಸುಮಾರು 40 ಮೀಟರ್ ಇಳಿಜಾರು ಇಳಿದರೂ ಒತ್ತಡ ಇಷ್ಟೇ ಏರುತ್ತದೆ. ಮಂಗಳೂರಿನಿಂದ ಬೆಂಗಳೂರಿಗೆ ಬರುವ ಕಾರು, 900 ಮೀಟರಿಗೂ ಹೆಚ್ಚು ಎತ್ತರ ಏರುವುದರಿಂದ, ವಾಯುಒತ್ತಡದಲ್ಲಿ ಸುಮಾರು ಶೇ. 10ರಷ್ಟನ್ನು ಕಳೆದುಕೊಂಡಿರುತ್ತದೆ. ಟರ್ಬೋ ಇಲ್ಲದ ಎಂಜಿನ್ನಿಗೆ ಈ ನಷ್ಟದ ಮುಂದೆ ಫಿಲ್ಟರಿನ ಲಾಭ ಲೆಕ್ಕಕ್ಕೇ ಬಾರದು.

ಮೂಲ ಪೆಟ್ಟಿಗೆಯನ್ನೇ ತೆಗೆದು, ಬಾನೆಟ್ಟಿನೊಳಗೆ ತೆರೆದ ಶಂಕುವಿನಾಕಾರದ ಫಿಲ್ಟರ್ ಕೂರಿಸುವವರೂ ಇದ್ದಾರೆ. ಆಗ ಎಂಜಿನ್ ತನ್ನ ಸುತ್ತಲಿನ ಬಿಸಿ ಗಾಳಿಯನ್ನೇ ಎಳೆದುಕೊಳ್ಳುತ್ತದೆ. 30 ಡಿಗ್ರಿ ಸೆಲ್ಸಿಯಸ್‌ನ ಬದಲು 50 ಡಿಗ್ರಿಯ ಗಾಳಿ ಒಳಹೊಕ್ಕರೆ ಅದರ ಸಾಂದ್ರತೆ ಶೇ. 6ರಷ್ಟು ಕಡಿಮೆ. ಅರ್ಧ ಗಳಿಸಲು ಹೋಗಿ ಆರು ಕಳೆದುಕೊಂಡಂತೆ. ಸದ್ದು ಮಾತ್ರ ಜೋರಾಗುತ್ತದೆ, ಸದ್ದನ್ನು ಶಕ್ತಿಯೆಂದು ನಂಬುವುದು ಸುಲಭ.

ಮೈಲೇಜಿನ ಮಾತೇನು? ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಂಪ್ಯೂಟರ್ ನಿಯಂತ್ರಿತ ಇಂಧನ ವ್ಯವಸ್ಥೆಯ ಕಾರುಗಳಲ್ಲಿ ಫಿಲ್ಟರ್ ಕಟ್ಟಿಕೊಂಡಾಗಲೂ ಮೈಲೇಜ್ ಗಮನಾರ್ಹವಾಗಿ ಬದಲಾಗಲಿಲ್ಲ. ಕುಂದಿದ್ದು ವೇಗೋತ್ಕರ್ಷ. ಕಾರಣ ಸರಳ. ಸಾಮಾನ್ಯ ಚಾಲನೆಯಲ್ಲಿ ಪೆಟ್ರೋಲ್ ಎಂಜಿನ್ನಿನ ಥ್ರಾಟಲ್ ಕವಾಟವೇ ಗಾಳಿಯನ್ನು ತಡೆದಿರುತ್ತದೆ. ಫಿಲ್ಟರಿನ ತಡೆ ಹೆಚ್ಚಿದರೆ ಕವಾಟ ತುಸು ಹೆಚ್ಚು ತೆರೆಯುತ್ತದೆ. ಒಳಬಂದ ಗಾಳಿಗೆ ತಕ್ಕಷ್ಟೇ ಇಂಧನವನ್ನು ಕಂಪ್ಯೂಟರ್ ಚಿಮ್ಮಿಸುತ್ತದೆ. ಕಟ್ಟಿಕೊಂಡ ಫಿಲ್ಟರೇ ಮೈಲೇಜನ್ನು ಇಳಿಸದಿದ್ದರೆ, ಶುದ್ಧವಾದ ಒಂದರ ಬದಲು ಶುದ್ಧವಾದ ಇನ್ನೊಂದು ಅದನ್ನು ಏರಿಸುವುದಾದರೂ ಹೇಗೆ? ಹಳೆಯ ಕಾರ್ಬ್ಯುರೇಟರ್ ಕಾರುಗಳ ಮಾತು ಬೇರೆ, ಅವುಗಳಲ್ಲಿ ಫಿಲ್ಟರ್ ಕಟ್ಟಿಕೊಂಡರೆ ಮೈಲೇಜ್ ಇಳಿಯುತ್ತಿತ್ತು.

ಫಿಲ್ಟರಿನ ಮುಖ್ಯ ಕೆಲಸವಾದ ದೂಳು ತಡೆಯುವ ಮಾತು ಈ ಮೂರರಲ್ಲಿ ಒಂದೂ ಅಲ್ಲ. ನಮ್ಮ ರಸ್ತೆಯ ದೂಳಿನಲ್ಲಿ ಕ್ವಾರ್ಟ್ಜ್ ಕಣಗಳಿರುತ್ತವೆ. ಮೋಹ್ಸ್ ಮಾಪಕದಲ್ಲಿ ಅದರ ಗಡಸುತನ 7, ಸಿಲಿಂಡರಿನ ಎರಕದ ಕಬ್ಬಿಣಕ್ಕಿಂತ ಹೆಚ್ಚು. ಕೂದಲೆಳೆಗಿಂತ ಸಣ್ಣದಾದ ಈ ಕಣಗಳು ಪಿಸ್ಟನ್ ಉಂಗುರ ಮತ್ತು ಸಿಲಿಂಡರ್ ಗೋಡೆಗಳ ನಡುವೆ ಸಿಕ್ಕಿ ಉಜ್ಜುಕಾಗದದಂತೆ ತೇಯುತ್ತವೆ.

ಇಲ್ಲಿ ಅಂಕಿಗಳನ್ನು ಎಚ್ಚರಿಕೆಯಿಂದ ಓದಬೇಕು. ಒಂದು ಫಿಲ್ಟರಿನ ದಕ್ಷತೆ ಶೇ. 99, ಇನ್ನೊಂದರದು ಶೇ. 97 ಎಂದಿಟ್ಟುಕೊಳ್ಳಿ. ವ್ಯತ್ಯಾಸ ಎರಡೇ ಎನಿಸಬಹುದು. ಆದರೆ 100 ಗ್ರಾಂ ದೂಳು ಬಂದಾಗ ಮೊದಲನೆಯದು 1 ಗ್ರಾಂ, ಎರಡನೆಯದು 3 ಗ್ರಾಂ ಒಳಬಿಡುತ್ತದೆ. ಎಂಜಿನ್ನಿನ ಪಾಲಿಗೆ ಇದು ಮೂರು ಪಟ್ಟು ದೂಳು. ತಡೆದದ್ದನ್ನಲ್ಲ, ನುಸುಳಿದ್ದನ್ನು ಹೋಲಿಸಿ.

ಫಿಲ್ಟರುಗಳ ಪರೀಕ್ಷೆಗೆ ಐಎಸ್‌ಒ 5011 ಎಂಬ ಅಂತಾರಾಷ್ಟ್ರೀಯ ಮಾನಕವಿದೆ. ಅದು ಗಾಳಿಯ ತಡೆ, ದೂಳು ಹಿಡಿಯುವ ದಕ್ಷತೆ ಮತ್ತು ದೂಳು ತುಂಬಿಕೊಳ್ಳುವ ಸಾಮರ್ಥ್ಯ ಈ ಮೂರನ್ನೂ ಅಳೆಯುತ್ತದೆ. ಮೊದಲನೆಯದನ್ನಷ್ಟೇ ಹೇಳಿ ಉಳಿದೆರಡನ್ನು ಬಿಡುವ ಡಬ್ಬಿ ಅರ್ಧ ಸತ್ಯ ಹೇಳುತ್ತಿದೆ. ಗಾಳಿಯ ಹರಿವು ಮತ್ತು ಬಳಸಿದ ದೂಳು ಒಂದೇ ಆಗಿಲ್ಲದಿದ್ದರೆ ಹೋಲಿಕೆಗೂ ಅರ್ಥವಿಲ್ಲ.

ಹತ್ತಿಬಟ್ಟೆಯ ಫಿಲ್ಟರ್ ನಿಷ್ಪ್ರಯೋಜಕವೆಂದಲ್ಲ. ಆಗಾಗ ಬಿಚ್ಚಿ ಜೋಡಿಸುವ ಪಂದ್ಯದ ಎಂಜಿನ್ನಿಗೆ ಅದು ಹೊಂದುತ್ತದೆ. ಮರುಬಳಕೆಯಿಂದ ಕಸವೂ ಕಡಿಮೆ. ಆದರೆ ತೊಳೆದ ಮೇಲೆ ಎಣ್ಣೆ ಕಡಿಮೆಯಾದರೆ ದೂಳು ನುಸುಳುತ್ತದೆ, ಹೆಚ್ಚಾದರೆ ಅದು ಗಾಳಿಯ ಹರಿವನ್ನಳೆಯುವ ಬಿಸಿತಂತಿಯ ಸಂವೇದಕಕ್ಕೆ ಅಂಟಿ ಅಳತೆಯನ್ನೇ ಕೆಡಿಸಬಹುದು.

ನಿತ್ಯ ಬಳಕೆಯ ಕಾರಿಗೆ ತಯಾರಕರು ಹೇಳಿದ ಅಳತೆಯ ಕಾಗದದ ಫಿಲ್ಟರ್ ಸಾಕು. ಅಂಚಿನ ರಬ್ಬರು ಪೆಟ್ಟಿಗೆಗೆ ಸರಿಯಾಗಿ ಕೂರುವುದೇ ಎಂದು ನೋಡಿ. ಸಂದಿಯಿದ್ದರೆ ಎಂಥ ಫಿಲ್ಟರೂ ವ್ಯರ್ಥ. ರಭಸದ ಗಾಳಿ ಊದಿ ಕಾಗದ ಹರಿಯಬೇಡಿ. ಮಣ್ಣುರಸ್ತೆಯಲ್ಲಿ ಓಡಾಡುವ ಕಾರಾದರೆ ಬೇಗ ಬದಲಿಸಿ. ಶಿಕ್ಷಕರು ಇಂಥ ಡಬ್ಬಿಯೊಂದನ್ನು ತರಗತಿಗೆ ತಂದು, ಅದರ ಮೇಲಿನ ಪ್ರತಿ ಅಂಕಿಯ ಮುಂದೆ ‘ಯಾವುದಕ್ಕೆ ಹೋಲಿಸಿದರೆ, ಯಾವ ಪರೀಕ್ಷೆಯಲ್ಲಿ?’ ಎಂದು ವಿದ್ಯಾರ್ಥಿಗಳಿಂದಲೇ ಬರೆಯಿಸಬಹುದು. ಎಷ್ಟು ಅಂಕಿಗಳಿಗೆ ಉತ್ತರ ಸಿಗುವುದೆಂದು ಅವರೇ ಎಣಿಸಲಿ.