ಬೆಲೆಗೂ ಒಂದು ರುಚಿಯಿದೆ

ಕೊಳ್ಳುವವರ ಮನಸ್ಸು ತಿಳಿಯಬೇಕಾದರೆ ಅವರನ್ನೇ ಕೇಳಿದರಾಯಿತಲ್ಲ ಎನ್ನುವವರಿಗೆ ನಾನು ಬಾಬಾ ಶಿವ್ ಅವರ ಪ್ರಯೋಗಗಳನ್ನು ಓದಲು ಹೇಳುತ್ತೇನೆ. 1996ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದು, ಅಯೋವಾದಲ್ಲಿ ಪಾಠ ಹೇಳಿ, ಆಮೇಲೆ ಸ್ಟ್ಯಾನ್‌ಫರ್ಡ್‌ನಲ್ಲಿ ಮಾರ್ಕೆಟಿಂಗ್ ಪ್ರಾಧ್ಯಾಪಕರಾದವರು ಅವರು. ನಾವು ಕಾರಣ ಕೊಡುವ ಮೊದಲೇ ಆಯ್ಕೆ ನಡೆದುಹೋಗುವ ಬಗೆಯನ್ನು ಅವರಷ್ಟು ಸರಳವಾಗಿ ತೋರಿಸಿದವರು ವಿರಳ.

1999ರಲ್ಲಿ ಅಲೆಕ್ಸಾಂಡರ್ ಫೆಡೊರಿಖಿನ್ ಜೊತೆ ಪ್ರಕಟಿಸಿದ ಅಧ್ಯಯನವನ್ನೇ ನೋಡಿ. ಕೆಲವರಿಗೆ ಎರಡಂಕಿಯ, ಕೆಲವರಿಗೆ ಏಳಂಕಿಯ ಸಂಖ್ಯೆ ನೆನಪಿಟ್ಟುಕೊಳ್ಳಲು ಹೇಳಿದರು. ಇನ್ನೊಂದು ಕೋಣೆಗೆ ಹೋಗುವ ದಾರಿಯಲ್ಲಿ ಚಾಕೊಲೇಟ್ ಕೇಕ್ ಮತ್ತು ಹಣ್ಣಿನ ಸಲಾಡ್ ಇಟ್ಟಿದ್ದರು. ಎರಡೂ ಕಣ್ಣೆದುರೇ ಇದ್ದಾಗ, ತಲೆಯಲ್ಲಿ ಏಳಂಕಿ ಹೊತ್ತವರೇ ಹೆಚ್ಚಾಗಿ ಕೇಕಿಗೆ ಕೈಹಾಕಿದರು. ವಿವೇಕಕ್ಕೆ ಬಿಡುವಿಲ್ಲದಾಗ ಆಸೆ ಗೆಲ್ಲುತ್ತದೆ.

ನನಗೆ ಇನ್ನೂ ಇಷ್ಟವಾದದ್ದು 2008ರ ವೈನ್ ಪ್ರಯೋಗ. ಹಿಲ್ಕೆ ಪ್ಲಾಸ್‌ಮನ್ ಮತ್ತಿತರರ ಜೊತೆ ಮಾಡಿದ್ದು. ಮಿದುಳಿನ ಸ್ಕ್ಯಾನರ್‌ನಲ್ಲಿ ಮಲಗಿದವರ ಬಾಯಿಗೆ ನಳಿಕೆಯಲ್ಲಿ ಗುಟುಕು ವೈನ್ ಬಿಡುತ್ತಿದ್ದರು. ಮೊದಲೇ ಬೆಲೆ ತೋರಿಸುತ್ತಿದ್ದರು. ಒಂದೇ ವೈನ್ ಒಮ್ಮೆ 10 ಡಾಲರಿನದು, ಇನ್ನೊಮ್ಮೆ 90 ಡಾಲರಿನದು. ಬೆಲೆ ಏರಿದಾಗ ಅವರು ಹೆಚ್ಚು ಅಂಕ ಕೊಟ್ಟರು. ಮಿದುಳಿನಲ್ಲಿ ಹಿತದ ಅನುಭವಕ್ಕೆ ಸಂಬಂಧಿಸಿದ ಭಾಗವೂ ಹೆಚ್ಚು ಚುರುಕಾಯಿತು. ನಾಲಿಗೆಯಿಂದ ಬರುವ ರುಚಿಯನ್ನು ಮೊದಲು ಬರಮಾಡಿಕೊಳ್ಳುವ ಭಾಗಗಳಲ್ಲಿ ಮಾತ್ರ ಬೆಲೆಯ ಪ್ರಭಾವ ಕಾಣಲಿಲ್ಲ. ಅಂದರೆ, ರುಚಿ ಅದೇ, ಸುಖ ಬೇರೆ.

ಇದನ್ನು ಓದಿ, ಜನ ಎಷ್ಟು ಸುಲಭವಾಗಿ ಮೋಸಹೋಗುತ್ತಾರೆ ಎಂದು ನಗಬಹುದು. ನಾನು ಒಪ್ಪುವುದಿಲ್ಲ. ವೈನ್ ಕುಡಿದವರು ಸುಳ್ಳು ಹೇಳಲಿಲ್ಲ, ಜಂಬಕ್ಕೆ ಹೊಗಳಲೂ ಇಲ್ಲ. ನಿಜವಾಗಿಯೂ ಹೆಚ್ಚು ಸುಖಪಟ್ಟರು. ಬ್ರ್ಯಾಂಡು, ಬೆಲೆ ವಸ್ತುವಿನ ಹೊರಗೆ ಅಂಟಿದ ಚೀಟಿಗಳಷ್ಟೇ ಅಲ್ಲ, ಅನುಭವದ ಒಳಗೇ ಸೇರಿಕೊಂಡಿರುತ್ತವೆ. ಜೀವಮಾನವಿಡೀ ಅಧ್ಯಯನ ಮಾಡಲು ಯೋಗ್ಯವಾದ ವಿಷಯವಿದು ಎಂದು ನಾನು ನಂಬುವುದು ಅದಕ್ಕೇ.

ಈ ವಾರ ನೀವೂ ಪರೀಕ್ಷಿಸಿ. ಎರಡು ದರದ ಕಾಫಿಪುಡಿ ತಂದು, ಯಾವ ದಿನ ಯಾವುದೆಂದು ಹೇಳದೆ ಡಿಕಾಕ್ಷನ್ ಇಳಿಸಲು ಮನೆಯವರಿಗೆ ಹೇಳಿ. ಕುಡಿದು, ಅಂಕ ಬರೆದಿಡಿ. ದುಬಾರಿಯದೇ ಗೆದ್ದರೆ ಕೊಟ್ಟ ಹಣ ನಾಲಿಗೆಗೆ ಸಂದಿತು. ಸೋತರೆ, ಹೆಸರಿಗೆ ಎಷ್ಟು ತೆರುತ್ತಿದ್ದಿರಿ ಎಂಬುದು ತಿಳಿಯುತ್ತದೆ. ಆಮೇಲೂ ಅದನ್ನೇ ಕೊಂಡರೆ ತಪ್ಪೇನಿಲ್ಲ, ತಿಳಿದು ಕೊಂಡಂತಾಗುತ್ತದೆ.