ಪಾತ್ರಭಾಷೆಯ ಔಚಿತ್ಯ: ‘ಅಮ್ಮಚ್ಚಿಯೆಂಬ ನೆನಪು’ ಚಲಚ್ಚಿತ್ರದ ವಿಮರ್ಶೆ

ಸಂಸ್ಕೃತ ನಾಟಕಗಳಲ್ಲಿ ರಾಜರೂ ಪಂಡಿತರೂ ಸಂಸ್ಕೃತವನ್ನಾಡಿದರೆ ಸ್ತ್ರೀಪಾತ್ರಗಳು ಸಾಮಾನ್ಯವಾಗಿ ಪ್ರಾಕೃತವನ್ನಾಡುವುವೆಂಬುದು ವಿದ್ವಾಂಸರಿಗೆ ವಿದಿತವೇ. ಆದರೆ ಪಾಠಶಾಲೆಗಳಲ್ಲಿ ಆ ಪ್ರಾಕೃತವನ್ನು ಓದಿ ಹೇಳುವವರು ವಿರಳ. ಜೊತೆಯಲ್ಲಿ ಅಚ್ಚಾಗಿರುವ ಸಂಸ್ಕೃತ ಛಾಯೆಯನ್ನೋದಿ, ಅರ್ಥವನ್ನು ಹೇಳಿ ಮುಂದೆ ಸಾಗುವುದು ವಾಡಿಕೆ. ಇದರಿಂದ ಶಕುಂತಲೆಯ ಮಾತಿನ ಅರ್ಥವು ದೊರೆಯುತ್ತದೆ. ಶಕುಂತಲೆಯ ಮಾತು ದೊರೆಯುವುದಿಲ್ಲ. ಹೆಂಗಸರ ಬಾಳನ್ನು ಕುರಿತ ಕಥೆಗಳು ಚಲಚ್ಚಿತ್ರಗಳಾಗುವಾಗಲೂ ಇಂತಹ ನಷ್ಟವು ಸಂಭವಿಸುವುದುಂಟು. ಪ್ರಾದೇಶಿಕ ನುಡಿಯನ್ನು ಕಳೆದು ಗ್ರಾಂಥಿಕ ಛಾಯೆಯನ್ನಿಟ್ಟಲ್ಲಿ ಕಥೆಯು ಉಳಿಯಬಹುದು, ಕಥೆಯವಳು ಉಳಿಯಳು. ಈ ದೃಷ್ಟಿಯಿಂದ ಶ್ರೀಮತಿ ಚಂಪಾ ಶೆಟ್ಟಿಯವರು ನಿರ್ದೇಶಿಸಿದ ‘ಅಮ್ಮಚ್ಚಿಯೆಂಬ ನೆನಪು’ (೨೦೧೮) ಪರಿಶೀಲನಾರ್ಹವಾಗಿದೆ.

ಕನ್ನಡದಲ್ಲಿ ಸ್ತ್ರೀನಿರ್ದೇಶಕರ ಪರಂಪರೆಯು ದೀರ್ಘವಾದುದಲ್ಲ. ಎಂ. ಕೆ. ಇಂದಿರಾ ಅವರ ಕಾದಂಬರಿಯನ್ನು ಪ್ರೇಮಾ ಕಾರಂತರು ‘ಫಣಿಯಮ್ಮ’ (೧೯೮೩) ಎಂಬ ಚಿತ್ರವನ್ನಾಗಿಸಿ ಅದಕ್ಕೆ ಗೌರವದ ಸ್ಥಾನವನ್ನು ಗಳಿಸಿಕೊಟ್ಟರು. ಹೆಂಗಸೊಬ್ಬಳ ಬರೆಹವನ್ನು ಹೆಂಗಸೇ ತೆರೆಗೆ ತರುವ ಈ ಕ್ರಮವನ್ನು ಚಂಪಾ ಶೆಟ್ಟಿಯವರು ಮುಂದುವರಿಸಿರುವರು. ೧೯೪೫ರಲ್ಲಿ ಕುಂದಾಪುರದಲ್ಲಿ ಜನಿಸಿದ ವೈದೇಹಿಯವರ ‘ಅಕ್ಕು’, ‘ಅಮ್ಮಚ್ಚಿಯೆಂಬ ನೆನಪು’, ‘ಪುಟ್ಟಮ್ಮತ್ತೆ ಮತ್ತು ಮೊಮ್ಮಕ್ಕಳು’ ಎಂಬ ಮೂರು ಕಥೆಗಳು ಈ ಚಿತ್ರಕ್ಕೆ ಆಧಾರ. ಇವೇ ಕಥೆಗಳನ್ನು ನಿರ್ದೇಶಕಿಯು ಮೊದಲು ‘ಅಕ್ಕು’ ಎಂಬ ನಾಟಕವನ್ನಾಗಿ ರಂಗಕ್ಕೆ ತಂದಿದ್ದರು. ಅದಕ್ಕೂ ಮುನ್ನ ಅವರು ರಂಗನಟಿ, ಚಲಚ್ಚಿತ್ರಗಳಲ್ಲಿ ಕಂಠದಾನ ಕಲಾವಿದೆ. ಪರರ ಮುಖಕ್ಕೆ ತನ್ನ ದನಿಯನ್ನು ಹೊಂದಿಸುವುದೇ ಕಂಠದಾನದ ಕಸುಬು. ಯಾವ ಮುಖಕ್ಕೆ ಯಾವ ದನಿಯು ಸಲ್ಲುವುದೆಂಬ ವಿವೇಕವು ಈ ಚಿತ್ರದಲ್ಲಿ ಆದ್ಯಂತ ಕಾಣುವುದಕ್ಕೆ ಆ ಅಭ್ಯಾಸವೂ ಕಾರಣವಾಗಿರಬಹುದು.

ಚಿತ್ರದ ಭಾಷೆ ಕುಂದಗನ್ನಡ. ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಗಳಲ್ಲಿ ವ್ಯವಹರಿಸುವ ಈ ನುಡಿಯು ತುಳುವಿನ ನೆರೆಯಲ್ಲಿದ್ದರೂ ಕನ್ನಡದ್ದೇ ಒಂದು ಭೇದ. ಪದಾಂತ್ಯಸ್ವರದ ಲೋಪ, ಕ್ರಿಯಾಪದಗಳ ಸಂಕೋಚ, ತಾಯಿಗೆ ‘ಅಬ್ಬಿ’ ಎಂಬ ಹೆಸರು, ‘ಹ್ವಾಯ್’ ಎಂಬ ಸಂಬೋಧನೆ ಇವು ಇದರ ಲಕ್ಷಣಗಳಲ್ಲಿ ಕೆಲವು. ಕರಾವಳಿಯ ಮಾತನ್ನು ಕನ್ನಡ ಚಿತ್ರಗಳು ಬಹುಕಾಲ ಹಾಸ್ಯಪಾತ್ರಗಳಿಗೇ ಮೀಸಲಿಟ್ಟಿದ್ದುವು. ವಿದೂಷಕನಿಗೆ ಪ್ರಾಕೃತವನ್ನು ವಿಧಿಸಿದಂತೆಯೇ ಇದು. ಇಲ್ಲಿ ಹಾಗಿಲ್ಲ. ಅಮ್ಮಚ್ಚಿಯೂ, ಅವಳ ಮೇಲೆ ತನಗೆ ಹಕ್ಕಿದೆಯೆಂದು ನಂಬಿದ ವೆಂಕಪ್ಪಯ್ಯನೂ, ಮನೆಯವರು ಹುಚ್ಚಿಯೆಂದು ಬದಿಗಿರಿಸಿದ ಅಕ್ಕುವೂ ಆಡುವುದು ಒಂದೇ ನುಡಿಯನ್ನು. ಭಾಷಾಭೇದದಿಂದ ಮೇಲುಕೀಳುಗಳನ್ನು ಸೂಚಿಸುವ ಹಳೆಯ ನಿಯಮವು ಇಲ್ಲಿ ಮುರಿದಿದೆ. ಆದುದರಿಂದ ಪ್ರೇಕ್ಷಕನ ಗಮನವು ಯಾರು ಯಾವ ಭಾಷೆಯನ್ನಾಡುವರೆಂಬುದನ್ನು ಬಿಟ್ಟು, ಯಾರಿಗೆ ಆಡಲು ಎಡೆಯುಂಟೆಂಬುದರ ಕಡೆಗೆ ಹರಿಯುತ್ತದೆ. ದಬ್ಬಾಳಿಕೆಯ ಸ್ವರೂಪವು ಇದರಿಂದ ಧ್ವನಿತವಾಗುವುದೇ ಹೊರತು ವಾಚ್ಯವಾಗುವುದಿಲ್ಲ. ಚಿತ್ರದ ಮುಖ್ಯವಾದ ಗುಣವಿದು.

ಪುಟ್ಟಮ್ಮತ್ತೆಯ ಪಾತ್ರವನ್ನು ರಾಧಾಕೃಷ್ಣ ಉರಾಳರು ವಹಿಸಿರುವರು. ಸ್ತ್ರೀಪ್ರಧಾನವಾದ ಕೃತಿಯಲ್ಲಿ ವೃದ್ಧೆಯ ಪಾತ್ರಕ್ಕೆ ಪುರುಷನನ್ನು ನಿಯೋಜಿಸಿದುದು ಯುಕ್ತವೇ ಎಂಬ ಆಕ್ಷೇಪವು ಬರಬಹುದು. ಭರತಮುನಿಯು ಇಂತಹ ಪಾತ್ರಯೋಜನೆಯನ್ನು ರೂಪಾನುಸಾರಿಣಿಯೆಂದು ಹೆಸರಿಸಿ ಅಂಗೀಕರಿಸಿರುವನು. ಯಕ್ಷಗಾನದ ಸ್ತ್ರೀವೇಷವನ್ನು ಕಂಡು ಬೆಳೆದ ಸೀಮೆಗೆ ಅದು ವಿಪರೀತವೂ ಅಲ್ಲ. ಹಾಸ್ಯಕ್ಕಾಗಿ ವೇಷವನ್ನು ಬಳಸದಿರುವುದರಿಂದ ಔಚಿತ್ಯಕ್ಕೆ ಭಂಗವಿಲ್ಲ.

ಹೋಲಿಕೆಗೆ ಅಮೆರಿಕದ ಒಂದು ನಿದರ್ಶನವು ಉಪಯುಕ್ತ. ಆಫ್ರಿಕಾ ಮೂಲದ ಕರಿಯ ಜನಾಂಗಕ್ಕೆ ಸೇರಿದ ಜೂಲಿ ಡ್ಯಾಶ್ ಎಂಬ ನಿರ್ದೇಶಕಿಯು ೧೯೫೨ರಲ್ಲಿ ನ್ಯೂಯಾರ್ಕಿನಲ್ಲಿ ಜನಿಸಿದವರು. ತಂದೆಯ ಕಡೆಯಿಂದ ಗಲ್ಲಾ ಎಂಬ ಕಡಲತಡಿಯ ಸಮುದಾಯದವರು. ಅವರ ‘ಡಾಟರ್ಸ್ ಆಫ್ ದ ಡಸ್ಟ್’ (೧೯೯೧) ದಕ್ಷಿಣ ಕೆರೊಲಿನಾದ ದ್ವೀಪವೊಂದರಲ್ಲಿ ೧೯೦೨ರಲ್ಲಿ ನಡೆಯುವ ಕಥೆ. ಉತ್ತರಕ್ಕೆ ವಲಸೆ ಹೊರಟ ಕುಟುಂಬವೊಂದರ ಹಲವು ತಲೆಮಾರುಗಳ ಹೆಂಗಸರು ಅದರಲ್ಲಿ ಗಲ್ಲಾ ನುಡಿಯಲ್ಲೇ ಮಾತನಾಡುವರು. ಆ ಜನಾಂಗದ ಸ್ತ್ರೀಯೊಬ್ಬಳು ನಿರ್ದೇಶಿಸಿ ಅಮೆರಿಕದ ಚಿತ್ರಮಂದಿರಗಳಲ್ಲಿ ಸಾರ್ವತ್ರಿಕವಾಗಿ ಬಿಡುಗಡೆಯಾದ ಕಥಾಚಿತ್ರಗಳಲ್ಲಿ ಅದೇ ಮೊದಲನೆಯದು. ೨೦೦೪ರಲ್ಲಿ ಅದು ಅಲ್ಲಿಯ ರಾಷ್ಟ್ರೀಯ ಚಲಚ್ಚಿತ್ರ ಸಂರಕ್ಷಣಾಪಟ್ಟಿಗೆ ಸೇರಿತು. ಆದರೂ ಆ ಬಳಿಕ ಅವರಿಗೆ ದೊರೆತುದು ಬಹುಮಟ್ಟಿಗೆ ದೂರದರ್ಶನದ ಕೆಲಸವೇ. ದಾಸ್ಯದ ಚರಿತ್ರೆಯುಳ್ಳ ಆ ಸಮುದಾಯಕ್ಕೂ ಕುಂದಾಪುರದ ಮನೆಗಳಿಗೂ ಸಾಮ್ಯವನ್ನು ಎಳೆದು ತರುವುದು ತಪ್ಪಾದೀತು. ಸಾಮ್ಯವಿರುವುದು ಒಂದರಲ್ಲಿ ಮಾತ್ರ: ಪರಸ್ಥಳದ ಪ್ರೇಕ್ಷಕನ ಸೌಕರ್ಯಕ್ಕಾಗಿ ಹೆಂಗಸರ ನುಡಿಯನ್ನು ಬದಲಿಸಲು ಇಬ್ಬರೂ ಒಪ್ಪಲಿಲ್ಲ.

ಚಿತ್ರದಲ್ಲಿ ದೋಷವಿಲ್ಲವೆಂದಲ್ಲ. ಮೂರು ಕಥೆಗಳಲ್ಲಿಯೂ ವಸ್ತುವು ಆಧಿಕಾರಿಕವೇ. ಅವುಗಳಲ್ಲೊಂದನ್ನು ಪ್ರಧಾನವಾಗಿರಿಸಿ ಉಳಿದವನ್ನು ಪತಾಕೆಯಂತೆ ಅಧೀನಗೊಳಿಸದೆ ಒಂದೇ ಎಳೆಯಲ್ಲಿ ಹೆಣೆದುದರಿಂದ, ಅಕ್ಕುವಿನ ಅಳಲು ಪೂರ್ಣವಾಗಿ ಮನಸ್ಸಿಗೆ ಇಳಿಯುವ ಮುನ್ನವೇ ಅಮ್ಮಚ್ಚಿಯ ಕಥೆಯು ಕರೆಯುತ್ತದೆ. ಮತ್ತು ‘ನೆನಪು’ ಎಂಬುದು ಮೂಲಕಥೆಯ ಹೆಸರಿನಲ್ಲಿಯೇ ಇದೆ; ಅಲ್ಲಿ ಸ್ಮೃತಿಯಿಂದ ಹುಟ್ಟಿದ ವಿಷಾದವು ತೆರೆಯ ಪ್ರತ್ಯಕ್ಷದಲ್ಲಿ ತುಸು ತೆಳುವಾಗಿದೆ. ೨೦೨೪ರಲ್ಲಿ ತೆರೆಕಂಡ ‘ಕೋಳಿ ಎಸ್ರು’ ಚಿತ್ರಕ್ಕೆ ಇವರು ಕಾ. ತ. ಚಿಕ್ಕಣ್ಣನವರ ಒಂದೇ ಕಥೆಯನ್ನು ಆಧಾರವಾಗಿ ಆರಿಸಿಕೊಂಡುದು ಇಲ್ಲಿ ಗಮನಾರ್ಹ.

ವೈದೇಹಿಯವರ ಕಥೆಗಳನ್ನು ಬೋಧಿಸುವ ಅಧ್ಯಾಪಕರಿಗೆ ಈ ಚಿತ್ರದಿಂದ ಒಂದು ಪ್ರಯೋಜನವುಂಟು. ಕಥೆಯಲ್ಲಿ ಅಪರಿಚಿತವಾದ ಮಾತು ಬಂದಾಗ ಅದರ ಗ್ರಾಂಥಿಕ ಪರ್ಯಾಯವನ್ನು ಹೇಳಿ ದಾಟುವುದು ಸುಲಭ. ಆದರೆ ಅದು ಛಾಯೆಯ ಪಾಠ. ಮೊದಲು ಮೂಲದ ಮಾತನ್ನು ವಿದ್ಯಾರ್ಥಿಗಳ ಕಿವಿಗೆ ಬೀಳಿಸಿ, ಆಮೇಲೆ ಅರ್ಥವನ್ನು ವಿವರಿಸುವುದೇ ಯುಕ್ತವಾದ ಕ್ರಮ.