ಮಿತ್ರರ ‘ದಿ ಅಪ್ಪರ್ ಅಟ್ಮಾಸ್ಫಿಯರ್’: ಒಂದು ವಿಮರ್ಶೆ

ಕಲಿಕತ್ತೆಯ ಶಿಶಿರಕುಮಾರ ಮಿತ್ರರು 1947ರಲ್ಲಿ ಪ್ರಕಟಿಸಿದ ಈ ಗ್ರಂಥವು ಊರ್ಧ್ವವಾಯುಮಂಡಲದ ಶಾಸ್ತ್ರವನ್ನು ಒಂದೆಡೆ ಸಂಗ್ರಹಿಸಿದ ಮಹಾಕೃತಿ. ಮೇಲಕ್ಕೆ ಕಳುಹಿದ ರೇಡಿಯೋ ತರಂಗವು ವಿದ್ಯುತ್ಸ್ತರವನ್ನು ಮುಟ್ಟಿ ಮರಳುವ ಕಾಲದಿಂದ ಸ್ತರದ ಎತ್ತರವನ್ನು ಗಣಿಸುವರು. ಸೆಕೆಂಡಿನ ಸಾವಿರದಲ್ಲೊಂದು ಪಾಲು ಹಿಡಿದರೆ ಎತ್ತರ ಸುಮಾರು 150 ಕಿಲೋಮೀಟರು. ಆದರೆ ಸ್ತರದೊಳಗೆ ತರಂಗದ ಗತಿ ಮಂದವಾಗುವುದರಿಂದ ಇದು ತೋರಿಕೆಯ ಎತ್ತರವೇ ಹೊರತು ನಿಜವಲ್ಲ. ನಿಜವು ಅದಕ್ಕಿಂತ ಕೆಳಗಿರುವುದು. ಪ್ರತ್ಯಕ್ಷಕ್ಕೂ ಅನುಮಾನಕ್ಕೂ ಇರುವ ಇಂತಹ ಅಂತರವನ್ನು ಮರೆತ ವಿಜ್ಞಾನವು ಪುರಾಣವಾಗುವುದು. ಅದನ್ನು ಮರೆಯದಿರುವುದೇ ಈ ಗ್ರಂಥದ ಹಿರಿಮೆ. ಗಣಿತವನ್ನರಿಯದ ವಾಚಕನಿಗೆ ಇದು ದುರ್ಗಮವೆಂಬುದು ದೋಷವೇ ಸರಿ. ರಾಕೆಟ್ಟುಗಳೂ 1957ರ ತರುವಾಯದ ಉಪಗ್ರಹಗಳೂ ಇದರ ಅನೇಕ ಅಂಕಿಗಳನ್ನು ತಿದ್ದಿವೆ. ಅಂಕಿಗಳು ಹಳತಾದುವು, ಇದರ ವಿವೇಕವು ಹಳತಾಗಿಲ್ಲ.